ಕೊಲಾಜೆನ್ ಪುಡಿ ನೇರವಾಗಿ ಮಂಡಿಗೆ ಹೋಗುತ್ತದೆಯೇ? ಫಾರ್ವರ್ಡ್‌ನಲ್ಲಿರುವ ವಿಜ್ಞಾನಿ ಕಂಡುಕೊಂಡದ್ದೇ ಬೇರೆ

ಕಳೆದ ತಿಂಗಳು ಓದುಗರೊಬ್ಬರು ನಮಗೊಂದು ವಾಟ್ಸಾಪ್ ಸಂದೇಶ ಕಳಿಸಿ, 'ಇದು ನಿಜವಾ, ಸ್ವಲ್ಪ ನೋಡಿ ಹೇಳಿ' ಎಂದು ಕೇಳಿದರು. ನಿಮಗೂ ಬಂದಿರಬಹುದಾದ ಸಂದೇಶ. ಮೇಲೆ ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಅವರ ಹಳೆಯ ಕಪ್ಪುಬಿಳುಪು ಫೋಟೊ, ಕೆಳಗೆ ಪುಡಿಯ ಡಬ್ಬಿ, ನಡುವೆ ಉದ್ದದ ಬರಹ. ಅದರ ಸಾರಾಂಶ ಇಷ್ಟು: ಕೊಲಾಜೆನ್ ಕಂಡುಹಿಡಿದದ್ದು ನಮ್ಮ ಭಾರತೀಯ ವಿಜ್ಞಾನಿ, ಬಿಳಿಯರು ಅದನ್ನು ಕದ್ದು ನೊಬೆಲ್ ಹೊಡೆದುಕೊಂಡರು. ನಲವತ್ತು ದಾಟಿದ ಮೇಲೆ ದೇಹದಲ್ಲಿ ಕೊಲಾಜೆನ್ ಖಾಲಿಯಾಗುತ್ತದೆ. ದಿನಕ್ಕೆ ಒಂದು ಚಮಚ ಈ ಪುಡಿ ಕುಡಿದರೆ ಅದು ನೇರವಾಗಿ ಮಂಡಿಗೆ ಹೋಗಿ ಸವೆದ ಗಾದಿಯನ್ನು ತುಂಬುತ್ತದೆ, ಆಪರೇಷನ್ ಬೇಕಿಲ್ಲ. ಹತ್ತು ಜನರಿಗೆ ಕಳಿಸಿ.

ಸುಮ್ಮನೆ ಕುತೂಹಲಕ್ಕೆ ಕೇಳಿದ್ದಲ್ಲ ಅವರು. ಅವರ ತಾಯಿಗೆ 61 ವರ್ಷ, ಎರಡೂ ಮಂಡಿ ಸವೆದಿವೆ. ವೈದ್ಯರು ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಟ್ಟು, ಸ್ವಲ್ಪ ತೂಕ ಇಳಿಸಲು ಹೇಳಿದ್ದರು. ಮನೆಗೆ ಪುಡಿ ಬಂದ ಮೇಲೆ ವ್ಯಾಯಾಮ ನಿಂತಿದೆ. 'ಮಂಡಿಗೆ ಬೇಕಾದ್ದೆಲ್ಲ ಇದರಲ್ಲೇ ಇದೆಯಂತಲ್ಲ, ಮತ್ಯಾಕೆ ಕಾಲು ಎತ್ತಿ ಇಳಿಸೋದು' ಅನ್ನುತ್ತಾರಂತೆ ಅಮ್ಮ. ತಿಂಗಳಿಗೆ ಎರಡು ಡಬ್ಬಿ ಖರ್ಚಾಗುತ್ತಿದೆ.

ಈ ಫಾರ್ವರ್ಡ್‌ನಲ್ಲಿ ಸುಳ್ಳಿನ ಜೊತೆ ನಿಜವೂ ಬೆರೆತಿದೆ, ಅದಕ್ಕೇ ಅದು ಇಷ್ಟು ಓಡುತ್ತಿದೆ. ರಾಮಚಂದ್ರನ್ ನಿಜವಾದ ವಿಜ್ಞಾನಿ. ಕೊಲಾಜೆನ್ ಮೇಲೆ ಅವರು ಮಾಡಿದ ಕೆಲಸ ಇಂದಿಗೂ ಜಗತ್ತಿನ ಪಠ್ಯಪುಸ್ತಕಗಳಲ್ಲಿದೆ. ಆದರೆ ಅವರೂ ಅವರ ಜೊತೆಗಾರರೂ ಕಂಡುಕೊಂಡ ಸಂಗತಿಯನ್ನು ಸರಿಯಾಗಿ ಓದಿಕೊಂಡರೆ, ಡಬ್ಬಿಯ ಮೇಲಿನ ಮಾತು ನಿಲ್ಲುವುದಿಲ್ಲ. ಆದ್ದರಿಂದ ನಾವು ಮೊದಲು ಇತಿಹಾಸ ನೋಡಿ, ಆಮೇಲೆ ಪುಡಿಗೆ ಬರುತ್ತೇವೆ.

ಕಂಡುಹಿಡಿದದ್ದು ಕೊಲಾಜೆನ್ ಅಲ್ಲ, ಅದರ ಆಕಾರ

ಕೊಲಾಜೆನ್ ಒಂದು ಪ್ರೋಟೀನ್. ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜು, ಕೀಲಿನ ತುದಿಯ ನುಣುಪಾದ ಮೃದ್ವಸ್ಥಿ, ರಕ್ತನಾಳದ ಗೋಡೆ, ಎಲ್ಲೆಲ್ಲಿ ಎಳೆತ ತಡೆಯಬೇಕೋ ಅಲ್ಲೆಲ್ಲ ಇದೆ. ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗದಿಂದ ಮೂರನೇ ಒಂದರಷ್ಟು ಇದೊಂದೇ. ಹೆಸರು ಬಂದದ್ದು ಅಂಟು ಎಂಬ ಅರ್ಥದ ಗ್ರೀಕ್ ಪದದಿಂದ. ಚರ್ಮ, ಮೂಳೆಗಳನ್ನು ಕುದಿಸಿ ಬಡಗಿಗಳು ಬಳಸುವ ಅಂಟು ತಯಾರಿಸುವುದು ಬಹಳ ಹಳೆಯ ವಿದ್ಯೆ. ಹಾಗಾಗಿ ಕೊಲಾಜೆನ್ ಇದೆ ಎಂಬುದು ರಾಮಚಂದ್ರನ್ ಹುಟ್ಟುವ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಅದರೊಳಗೆ ಅಣುಗಳು ಹೇಗೆ ಜೋಡಣೆಯಾಗಿವೆ ಎಂಬುದು. ಅಷ್ಟು ಗಟ್ಟಿತನ ಎಲ್ಲಿಂದ ಬರುತ್ತದೆ?

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರು ಬೇಕಾಗಿದ್ದರು. ಸಿ.ವಿ. ರಾಮನ್ ಸೂಚಿಸಿದ್ದು ತಮ್ಮ ಶಿಷ್ಯ ರಾಮಚಂದ್ರನ್ ಅವರ ಹೆಸರನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಲು ಸೇರಿ, ರಾಮನ್ ಅವರ ಸೆಳೆತಕ್ಕೆ ಸಿಕ್ಕಿ ಭೌತವಿಜ್ಞಾನಕ್ಕೆ ಬದಲಾದ ಹುಡುಗ ಅವರು. ಕೇಂಬ್ರಿಡ್ಜ್‌ನಲ್ಲೂ ಡಾಕ್ಟರೇಟ್ ಮಾಡಿ ಬಂದಿದ್ದರು. ಮದ್ರಾಸಿಗೆ ಹೋದಾಗ ವಯಸ್ಸು ಇನ್ನೂ ಮೂವತ್ತರ ಆಸುಪಾಸು.

ಅದೇ ವರ್ಷ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್ ಮದ್ರಾಸಿಗೆ ಭೇಟಿ ಕೊಟ್ಟರು. ಮಾತಿನ ನಡುವೆ, ಕೊಲಾಜೆನ್‌ಗೆ ಇದುವರೆಗೆ ಸೂಚಿಸಿರುವ ಯಾವ ರಚನೆಯೂ ಸರಿಯಿಲ್ಲ ಎಂಬ ವಿಷಯ ಬಂತು. ಲೈನಸ್ ಪೌಲಿಂಗ್ ಅಂಥವರೂ ಪ್ರಯತ್ನಿಸಿ ಎಡವಿದ್ದ ಸಮಸ್ಯೆ ಅದು. ರಾಮಚಂದ್ರನ್ ಅದನ್ನೇ ಹಿಡಿದರು.

ಹಿಡಿಯಲು ಒಳ್ಳೆಯ ಮಾದರಿ ಬೇಕಲ್ಲ. ಇಲ್ಲಿ ನೆರೆಹೊರೆ ನೆರವಿಗೆ ಬಂತು. ವಿಶ್ವವಿದ್ಯಾಲಯದ ಗಿಂಡಿ ಆವರಣದ ಪಕ್ಕದಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಚಪ್ಪಲಿ, ಚೀಲದ ಚರ್ಮ ಹದ ಮಾಡುವ ಸಂಸ್ಥೆಗೂ ಪರಮಾಣುಗಳ ಲೆಕ್ಕ ಹಾಕುವ ವಿಭಾಗಕ್ಕೂ ಏನು ಸಂಬಂಧ ಅನಿಸಬಹುದು. ಚರ್ಮ ಎಂದರೆ ಬಹುಪಾಲು ಕೊಲಾಜೆನ್ನೇ, ಹದ ಮಾಡುವುದೆಂದರೆ ಆ ಕೊಲಾಜೆನ್ ಕೊಳೆಯದಂತೆ ಕಟ್ಟಿಹಾಕುವುದು. ಚರ್ಮ ಸಂಸ್ಥೆಯಿಂದ ಸಿಕ್ಕಿದ್ದು ಕಾಂಗರೂವಿನ ಬಾಲದ ರಜ್ಜು. ಅದರಲ್ಲಿ ಕೊಲಾಜೆನ್ ಎಳೆಗಳು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ನೀಟಾಗಿ ಸಾಲುಗಟ್ಟಿರುತ್ತವೆ. ಎಕ್ಸ್-ರೇ ಪರೀಕ್ಷೆಗೆ ಅಂಥದ್ದೇ ಬೇಕು.

ಆಸ್ಪತ್ರೆಯ ಎಕ್ಸ್-ರೇ ಫೋಟೊದಂತೆ ಇದರಲ್ಲಿ ವಸ್ತುವಿನ ಚಿತ್ರ ಬರುವುದಿಲ್ಲ. ಎಳೆಯ ಮೂಲಕ ಎಕ್ಸ್-ರೇ ಹಾಯಿಸಿದರೆ ಹಿಂದಿನ ಫಿಲ್ಮಿನಲ್ಲಿ ಚುಕ್ಕೆಗಳು, ಕಮಾನುಗಳು ಮೂಡುತ್ತವೆ. ಒಳಗೆ ಯಾವ ವಿನ್ಯಾಸ ಎಷ್ಟು ದೂರಕ್ಕೊಮ್ಮೆ ಮರುಕಳಿಸುತ್ತಿದೆ ಎಂಬುದನ್ನು ಆ ಚುಕ್ಕೆಗಳ ನಡುವಿನ ಅಂತರದಿಂದ ಲೆಕ್ಕ ಹಾಕಿ ತಿಳಿಯಬೇಕು. ಹೊರಗೆ ಬಿದ್ದ ನೆರಳು ನೋಡಿ ಜಾಲರಿಯ ಕೆತ್ತನೆ ಊಹಿಸಿದ ಹಾಗೆ.

ರಾಮಚಂದ್ರನ್ ಜೊತೆಗೆ ಈ ಕೆಲಸಕ್ಕೆ ಕೂತವರು ಗೋಪಿನಾಥ್ ಕಾರ್ತಾ. ಅವರ ಮುಂದೆ ಇನ್ನೊಂದು ಸುಳಿವೂ ಇತ್ತು, ಅದು ರಸಾಯನವಿಜ್ಞಾನಿಗಳು ಕೊಟ್ಟದ್ದು. ಪ್ರೋಟೀನ್ ಅಂದರೆ ಅಮೈನೊ ಆಮ್ಲಗಳೆಂಬ ಮಣಿಗಳ ಸರ. ಕೊಲಾಜೆನ್‌ನ ಸರದಲ್ಲಿ ಮೂರರಲ್ಲಿ ಒಂದು ಮಣಿ ಗ್ಲೈಸಿನ್, ಎಲ್ಲ ಅಮೈನೊ ಆಮ್ಲಗಳಲ್ಲಿ ಅತಿ ಚಿಕ್ಕದು. ಯಾಕೆ ಇಷ್ಟೊಂದು ಗ್ಲೈಸಿನ್? ಅವರು ಕಂಡುಕೊಂಡ ಉತ್ತರ: ಕೊಲಾಜೆನ್ ಒಂದು ಸರವಲ್ಲ, ಮೂರು ಸರಗಳು ಒತ್ತೊತ್ತಾಗಿ ಸೇರಿದ ಕಟ್ಟು. ಮೂರೂ ಸೇರುವ ನಡುವಿನ ಜಾಗ ಎಷ್ಟು ಇಕ್ಕಟ್ಟೆಂದರೆ ಅಲ್ಲಿ ಗ್ಲೈಸಿನ್ ಬಿಟ್ಟು ಬೇರೆ ಯಾವುದೂ ಹಿಡಿಸದು. ಆದ್ದರಿಂದ ಪ್ರತಿ ಮೂರನೆಯ ಮಣಿ ಗ್ಲೈಸಿನ್ ಆಗಿರಲೇಬೇಕು.

ಇದು 1954ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಮರುವರ್ಷ ಇನ್ನೊಂದು ಪ್ರಬಂಧದಲ್ಲಿ ತಿದ್ದುಪಡಿ ಬಂತು: ಮೂರು ಸರಗಳು ನೆಟ್ಟಗೆ ಅಕ್ಕಪಕ್ಕ ನಿಂತಿಲ್ಲ, ಒಂದಕ್ಕೊಂದು ಸುತ್ತಿಕೊಂಡಿವೆ. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರತಿ ಎಳೆಯನ್ನು ಒಂದು ದಿಕ್ಕಿಗೆ ತಿರುಚಿ, ಎಳೆಗಳನ್ನು ಕೂಡಿಸುವಾಗ ಎದುರು ದಿಕ್ಕಿಗೆ ಹುರಿ ಹಾಕುತ್ತಾರೆ. ಬಿಚ್ಚಿಕೊಳ್ಳಲು ಹೊರಟ ಎಳೆಯನ್ನು ಹಗ್ಗವೇ ಬಿಗಿಯುತ್ತದೆ. ಕೊಲಾಜೆನ್ ಕೂಡ ಹಾಗೆಯೇ: ಒಂದೊಂದು ಸರ ಎಡಕ್ಕೆ ತಿರುಚಿದೆ, ಮೂರೂ ಸೇರಿದ ಹುರಿ ಬಲಕ್ಕೆ. ಒಂದು ಸರದಲ್ಲಿ ಸುಮಾರು 1,000 ಅಮೈನೊ ಆಮ್ಲಗಳು. ಹುರಿಯ ಉದ್ದ ಸುಮಾರು 300 ನ್ಯಾನೋಮೀಟರ್, ದಪ್ಪ ಬರೀ ಒಂದೂವರೆ ನ್ಯಾನೋಮೀಟರ್.

ಈ ಹುರಿಯಲ್ಲಿ ಒಂದು ಮಣಿ ತಪ್ಪಿದರೂ ಏನಾಗುತ್ತದೆ ಎಂಬುದಕ್ಕೆ ವೈದ್ಯರ ಬಳಿ ನೋವಿನ ಉದಾಹರಣೆ ಇದೆ. ಕೆಲವು ಮಕ್ಕಳು ಹುಟ್ಟುವಾಗಲೇ ಗಾಜಿನಂಥ ಮೂಳೆಗಳೊಂದಿಗೆ ಹುಟ್ಟುತ್ತಾರೆ, ಎತ್ತಿಕೊಂಡರೂ ಮುರಿಯಬಹುದು. ಅವರಲ್ಲಿ ಎಷ್ಟೋ ಜನರ ತೊಂದರೆಯ ಮೂಲ ಹುಡುಕಿದರೆ, ಕೊಲಾಜೆನ್ ಜೀನ್‌ನಲ್ಲಿ ಒಂದೇ ಒಂದು ಗ್ಲೈಸಿನ್ ಜಾಗದಲ್ಲಿ ಅದಕ್ಕಿಂತ ದೊಡ್ಡ ಅಮೈನೊ ಆಮ್ಲ ಬಂದು ಕೂತಿರುತ್ತದೆ.

ಕದ್ದರೇ?

ಈಗ ಫಾರ್ವರ್ಡ್‌ನ ಎರಡನೇ ಮಾತು. 1955ರ ಕೊನೆಗೆ ಕೇಂಬ್ರಿಡ್ಜ್‌ನಿಂದ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಅದೇ ನೇಚರ್‌ನಲ್ಲಿ ಕೊಲಾಜೆನ್ ಬಗ್ಗೆ ಬರೆದರು. ಹೌದು, ಡಿಎನ್‌ಎ ಖ್ಯಾತಿಯ ಕ್ರಿಕ್ ಅವರೇ. ಮೂರು ಸರಗಳ ಹುರಿ ಎಂಬ ಮೂಲ ಕಲ್ಪನೆಯನ್ನು ಅವರು ಒಪ್ಪಿಕೊಂಡು, ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ, ಅಷ್ಟು ಹತ್ತಿರ ಇರುವುದು ಸಾಧ್ಯವಿಲ್ಲ ಎಂದರು. ಸರಗಳನ್ನು ಒಂದಕ್ಕೊಂದು ಹಿಡಿದಿಡುವ ಹೈಡ್ರೋಜನ್ ಬಂಧಗಳು ಪ್ರತಿ ಮೂರು ಮಣಿಗೆ ಎರಡಲ್ಲ, ಒಂದೇ ಎಂದರು. ಮದ್ರಾಸಿನ ಕೆಲಸವನ್ನು ಅವರು ಬಚ್ಚಿಡಲಿಲ್ಲ, ಪ್ರಬಂಧದಲ್ಲೇ ಉಲ್ಲೇಖಿಸಿದ್ದಾರೆ. ಕ್ರಿಕ್‌ಗೆ 1962ರಲ್ಲಿ ನೊಬೆಲ್ ಬಂದದ್ದು ವಾಟ್ಸನ್, ವಿಲ್ಕಿನ್ಸ್ ಜೊತೆಗೆ ಡಿಎನ್‌ಎ ಸಂಬಂಧಿ ಕೆಲಸಕ್ಕೆ. ಕೊಲಾಜೆನ್ ರಚನೆಗೆ ಯಾರಿಗೂ ನೊಬೆಲ್ ಬಂದಿಲ್ಲ. ಹಾಗಾಗಿ 'ಕದ್ದು ನೊಬೆಲ್ ಹೊಡೆದರು' ಎಂಬುದು ಸುಳ್ಳು.

ಬೇಸರಕ್ಕೆ ಕಾರಣವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಮುಂದೆ ಎಷ್ಟೋ ಕಡೆ ಕೊಲಾಜೆನ್ ಎಂದರೆ ರಿಚ್-ಕ್ರಿಕ್ ಹೆಸರು ಮುಂದೆ ಬಂದು, ಮದ್ರಾಸಿನ ಹೆಸರು ಹಿಂದೆ ಸರಿದದ್ದುಂಟು. ಆದರೆ ರಾಮಚಂದ್ರನ್ ಆ ಟೀಕೆಗೆ ಕೊಟ್ಟ ಉತ್ತರ ನೋಡಿದರೆ, ಫಾರ್ವರ್ಡ್ ಬರೆದವರು ಕಥೆಯ ಒಳ್ಳೆಯ ಭಾಗವನ್ನೇ ಬಿಟ್ಟಿದ್ದಾರೆ ಅನಿಸುತ್ತದೆ.

'ಪರಮಾಣುಗಳು ತೀರಾ ಹತ್ತಿರ' ಎಂದರೆ ಎಷ್ಟು ಹತ್ತಿರ? ಎಷ್ಟು ದೂರ ಇದ್ದರೆ ಸರಿ? ಇದನ್ನು ಯಾರೂ ಕೂತು ಅಳೆದು ಪಟ್ಟಿ ಮಾಡಿರಲಿಲ್ಲ. ರಾಮಚಂದ್ರನ್, ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಆ ಕೆಲಸಕ್ಕೆ ಇಳಿದರು. ಅಲ್ಲಿಯವರೆಗೆ ರಚನೆ ಗೊತ್ತಾಗಿದ್ದ ಚಿಕ್ಕ ಅಣುಗಳನ್ನೆಲ್ಲ ತೆಗೆದು, ಯಾವ ಪರಮಾಣು ಯಾವುದಕ್ಕೆ ಎಷ್ಟು ಹತ್ತಿರ ಬರಬಲ್ಲದು ಎಂದು ಗುರುತಿಸಿದರು. ಪ್ರೋಟೀನ್ ಸರದಲ್ಲಿ ಪ್ರತಿ ಮಣಿಯ ಬಳಿ ಎರಡು ತಿರುಗುವ ಕೀಲುಗಳಿರುತ್ತವೆ. ಎರಡೂ ಕೀಲುಗಳನ್ನು ಎಷ್ಟೆಷ್ಟು ಡಿಗ್ರಿ ತಿರುಗಿಸಿದರೆ ಪರಮಾಣುಗಳು ಡಿಕ್ಕಿ ಹೊಡೆಯುವುದಿಲ್ಲ ಎಂದು ಮೇಜಿನ ಮೇಲಿಡುವ ಲೆಕ್ಕದ ಯಂತ್ರದಲ್ಲಿ ಒಂದೊಂದಾಗಿ ಲೆಕ್ಕ ಹಾಕಿ, ಒಂದು ನಕ್ಷೆ ಬರೆದರು. 1963ರಲ್ಲಿ ಪ್ರಕಟವಾದ ಆ ನಕ್ಷೆಗೆ ಇಂದು ಜಗತ್ತು ರಾಮಚಂದ್ರನ್ ನಕ್ಷೆ ಎನ್ನುತ್ತದೆ. ನಕ್ಷೆಯ ಬಹುಪಾಲು ಜಾಗ ನಿಷಿದ್ಧ, ಕೆಲವೇ ದ್ವೀಪಗಳಲ್ಲಿ ಸರ ಆರಾಮಾಗಿ ಕೂರುತ್ತದೆ. ಇಂದು ಯಾವುದೇ ದೇಶದ ಯಾವುದೇ ಪ್ರಯೋಗಾಲಯ ಹೊಸ ಪ್ರೋಟೀನಿನ ರಚನೆ ಕಂಡುಕೊಂಡರೂ, ಅದು ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳಲ್ಲಿ ಈ ನಕ್ಷೆ ಇದ್ದೇ ಇರುತ್ತದೆ. ಕಂಪ್ಯೂಟರ್ ಊಹಿಸಿದ ರಚನೆಗಳಿಗೂ ಇದೇ ಒರೆಗಲ್ಲು.

ಒಂದು ಬಂಧವೋ ಎರಡೋ ಎಂಬ ಜಗಳ ಏನಾಯಿತು? 1968ರಲ್ಲಿ ರಾಮಚಂದ್ರನ್ ಮತ್ತು ಆರ್. ಚಂದ್ರಶೇಖರನ್, ಎರಡನೆಯ ಬಂಧ ನೇರವಾಗಿಲ್ಲದಿದ್ದರೂ ನಡುವೆ ನೀರಿನ ಅಣುವೊಂದು ಸೇತುವೆಯಂತೆ ನಿಲ್ಲಬಹುದು ಎಂದು ಸೂಚಿಸಿದರು. 1994ರಲ್ಲಿ ಅಮೆರಿಕದ ಬಾರ್ಬರಾ ಬ್ರಾಡ್‌ಸ್ಕಿ, ಹೆಲೆನ್ ಬರ್ಮನ್ ಮತ್ತು ಸಂಗಡಿಗರು ಕೊಲಾಜೆನ್‌ನಂಥ ಪುಟ್ಟ ತುಂಡೊಂದನ್ನು ಹರಳುಗಟ್ಟಿಸಿ ಸ್ಪಷ್ಟವಾಗಿ ನೋಡಿದಾಗ, ನೇರ ಬಂಧ ಒಂದೇ ಇತ್ತು. ಸುತ್ತ ಸೇತುವೆ ಕಟ್ಟಿಕೊಂಡ ನೀರಿನ ಅಣುಗಳೂ ಇದ್ದವು. ಒಂದು ವಿಷಯದಲ್ಲಿ ಕೇಂಬ್ರಿಡ್ಜ್ ಸರಿ, ಮೂಲ ಕಲ್ಪನೆಯಲ್ಲಿ ಮತ್ತು ನೀರಿನ ವಿಷಯದಲ್ಲಿ ಮದ್ರಾಸ್ ಸರಿ. ನಮ್ಮ ಮಟ್ಟಿಗೆ ಇದು 'ಕದ್ದರು' ಎಂಬ ಕಥೆಗಿಂತ ಎಷ್ಟೋ ಪಾಲು ಹೆಮ್ಮೆ ಪಡುವಂಥ ಕಥೆ.

ರಾಮಚಂದ್ರನ್ ಮತ್ತೆ ಬೆಂಗಳೂರಿಗೆ ಬಂದದ್ದು 1970ರ ದಶಕದ ಆರಂಭದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಕಟ್ಟಿದ ಅಣು ಜೀವಭೌತವಿಜ್ಞಾನ ವಿಭಾಗ ಇಂದಿಗೂ ನಡೆಯುತ್ತಿದೆ. ಹೆಸರು ಉದ್ದವಾದರೂ ಕೆಲಸ ಸರಳವಾಗಿ ಹೇಳಬಹುದು: ಜೀವಿಯೊಳಗಿನ ಅಣುಗಳ ಆಕಾರವನ್ನು ಭೌತವಿಜ್ಞಾನದ ಅಳತೆಗೋಲಿನಿಂದ ನೋಡುವುದು, ಆ ಆಕಾರದಿಂದ ಅವುಗಳ ಕೆಲಸ ಅರ್ಥ ಮಾಡಿಕೊಳ್ಳುವುದು. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಅವರು ಬರೆದ ಗಣಿತದ ಪ್ರಬಂಧ ಸಿಟಿ ಸ್ಕ್ಯಾನ್ ಯಂತ್ರಗಳಲ್ಲಿ ಚಿತ್ರ ಕಟ್ಟುವ ವಿಧಾನಕ್ಕೆ ಬುನಾದಿಯಾಯಿತು. ಅದು ಬೇರೆಯೇ ಲೇಖನಕ್ಕಾಗುವಷ್ಟಿದೆ. ಈಗ ಡಬ್ಬಿಗೆ ಬರೋಣ.

ಡಬ್ಬಿಯಲ್ಲಿರುವುದು ಹುರಿಯಲ್ಲ

ಮೂರೆಳೆ ಹುರಿಯೇ ಕೊಲಾಜೆನ್‌ನ ಶಕ್ತಿ ಎಂದಾಯಿತಲ್ಲ. ಅದನ್ನು ನೀರಿನಲ್ಲಿ ಚೆನ್ನಾಗಿ ಬಿಸಿ ಮಾಡಿದರೆ ಹುರಿ ಬಿಚ್ಚಿಹೋಗುತ್ತದೆ. ಬಿಚ್ಚಿದ ಎಳೆಗಳಿಗೆ ಜೆಲಟಿನ್ ಎಂದು ಹೆಸರು. ಕಾಲ್ ಸೂಪ್ ಆರಿದ ಮೇಲೆ ಗಟ್ಟಿಯಾಗಿ ಅಲುಗಾಡುತ್ತದಲ್ಲ, ಅದು ಇದೇ. ಮಾತ್ರೆಯ ಕ್ಯಾಪ್ಸೂಲ್ ಕವಚ ಕೂಡ ಹೆಚ್ಚಾಗಿ ಇದೇ. ಆ ಎಳೆಗಳನ್ನು ಕಿಣ್ವ ಹಾಕಿ ಇನ್ನೂ ಚೂರುಚೂರು ಮಾಡಿ ಒಣಗಿಸಿದರೆ ಅಂಗಡಿಯ ಕೊಲಾಜೆನ್ ಪುಡಿ. ಆದ್ದರಿಂದಲೇ ಅದು ಕಾಫಿಯಲ್ಲೂ ನೀರಿನಲ್ಲೂ ಸಲೀಸಾಗಿ ಕರಗುತ್ತದೆ. ನಿಜವಾದ ಕೊಲಾಜೆನ್ ಹಾಗೆ ಕರಗುವುದಾಗಿದ್ದರೆ ಮಳೆಯಲ್ಲಿ ನಮ್ಮ ಚರ್ಮ ಉಳಿಯುತ್ತಿರಲಿಲ್ಲ. ಅಂದರೆ ರಾಮಚಂದ್ರನ್ ಮತ್ತು ಕಾರ್ತಾ ಕಂಡ ರಚನೆ ಡಬ್ಬಿಗೆ ಬರುವ ಮೊದಲೇ ನಾಶವಾಗಿರುತ್ತದೆ. ಫೋಟೊ ಅವರದು, ಪುಡಿ ಅದಲ್ಲ.

ಹೊಟ್ಟೆಗೆ ಹೋದ ಮೇಲೆ ಚೂರುಗಳು ಇನ್ನೂ ಚಿಕ್ಕದಾಗುತ್ತವೆ. ಬಹುಪಾಲು ಒಂಟಿ ಅಮೈನೊ ಆಮ್ಲಗಳಾಗುತ್ತವೆ, ಕೆಲವು ಎರಡು ಮೂರು ಮಣಿಯ ತುಣುಕುಗಳಾಗಿಯೇ ರಕ್ತ ಸೇರುತ್ತವೆ. ಈ ಎರಡನೆಯ ಮಾತು ನಿಜ, ಪ್ರಯೋಗಗಳಲ್ಲಿ ರಕ್ತದಲ್ಲಿ ಅವು ಸಿಕ್ಕಿವೆ. ಮಾರುವವರು ಇದನ್ನೇ ಹಿಡಿದುಕೊಂಡು 'ರಕ್ತಕ್ಕೆ ಹೋಗುತ್ತದೆ, ಆದ್ದರಿಂದ ಮಂಡಿಗೆ ಹೋಗುತ್ತದೆ' ಎನ್ನುತ್ತಾರೆ. ರಕ್ತಕ್ಕೆ ಹೋದದ್ದು ಇಡೀ ಮೈಗೆ ಹಂಚಿಹೋಗುತ್ತದೆ, ಯಾವುದೇ ಅಮೈನೊ ಆಮ್ಲದ ಮೇಲೆ ಮಂಡಿಯ ವಿಳಾಸ ಬರೆದಿರುವುದಿಲ್ಲ. ಅಲ್ಲದೆ ಮೃದ್ವಸ್ಥಿಯಲ್ಲಿ ರಕ್ತನಾಳಗಳೇ ಇಲ್ಲ.

ಇನ್ನೊಂದು ಸಂಗತಿ ನಮಗೆ ತುಂಬಾ ಇಷ್ಟವಾಯಿತು. ಕೊಲಾಜೆನ್‌ನಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಂಬ ವಿಶೇಷ ಅಮೈನೊ ಆಮ್ಲ ಹೇರಳವಾಗಿದೆ. ಹುರಿ ಬಿಗಿಯಾಗಿ ನಿಲ್ಲುವುದಕ್ಕೆ ಅದು ಬೇಕು. ಪುಡಿಯ ಜಾಹೀರಾತುಗಳಲ್ಲಿ ಇದರ ಹೆಸರು ದೊಡ್ಡದಾಗಿ ಇರುತ್ತದೆ. ಆದರೆ ನಮ್ಮ ಜೀವಕೋಶಗಳಿಗೆ ಸಿದ್ಧ ಹೈಡ್ರಾಕ್ಸಿಪ್ರೋಲಿನ್ ಅನ್ನು ಎತ್ತಿ ಸರಕ್ಕೆ ಪೋಣಿಸಲು ಬರುವುದೇ ಇಲ್ಲ, ಜೀನ್‌ಗಳ ಭಾಷೆಯಲ್ಲಿ ಅದಕ್ಕೆ ಅಕ್ಷರವಿಲ್ಲ. ಕೋಶ ಮೊದಲು ಪ್ರೋಲಿನ್ ಎಂಬ ಸಾಮಾನ್ಯ ಮಣಿಯನ್ನು ಪೋಣಿಸಿ, ಆಮೇಲೆ ಸರದಲ್ಲೇ ಅದನ್ನು ಮಾರ್ಪಡಿಸುತ್ತದೆ. 1949ರಲ್ಲೇ ಮಾರ್ಜೊರಿ ಸ್ಟೆಟನ್ ಎಂಬ ವಿಜ್ಞಾನಿ ಗುರುತು ಹಾಕಿದ ಹೈಡ್ರಾಕ್ಸಿಪ್ರೋಲಿನ್ ಅನ್ನು ಇಲಿಗಳಿಗೆ ತಿನ್ನಿಸಿ ನೋಡಿದ್ದರು. ಅದು ಇಲಿಗಳ ಪ್ರೋಟೀನಿಗೆ ಸೇರಲಿಲ್ಲ ಎನ್ನಬಹುದಾದಷ್ಟು ಕಡಿಮೆ ಸೇರಿತ್ತು.

ಸರದಲ್ಲಿ ಮಾರ್ಪಡಿಸುವ ಆ ಕೆಲಸಕ್ಕೆ ಬೇಕಾದದ್ದು ವಿಟಮಿನ್ ಸಿ. ಹಿಂದೆ ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದ ನಾವಿಕರಿಗೆ ಒಸಡು ಒಸರಿ, ಹಲ್ಲು ಅಲುಗಾಡಿ, ಎಂದೋ ಮಾಯ್ದ ಗಾಯಗಳೂ ಬಾಯಿ ಬಿಡುತ್ತಿದ್ದದ್ದು ಇದಿಲ್ಲದೆ. ಹೊಸ ಕೊಲಾಜೆನ್ ಹುರಿಗೊಳ್ಳುತ್ತಿರಲಿಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಿತ್ತಳೆ, ನಿಂಬೆ ಕೊಟ್ಟು ಕೆಲವರನ್ನು ಗುಣಪಡಿಸಿದಾಗ ಕಾರಣ ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆಹಣ್ಣು ಇದ್ದೇ ಇವೆ. ದಿನಕ್ಕೆ ಬೇಕಾದಷ್ಟು ಸಿಕ್ಕರೆ ಸಾಕು, ಮೇಲಿಂದ ಮೇಲೆ ಮಾತ್ರೆ ನುಂಗಿದರೆ ಕೊಲಾಜೆನ್ ಹೆಚ್ಚಾಗುತ್ತದೆ ಎಂದುಕೊಳ್ಳಬೇಡಿ.

'ಪ್ರೋಟೀನ್ ಅಂತಲಾದರೂ ಕುಡಿಯಬಹುದಲ್ಲ' ಎಂದು ಕೇಳುವವರಿದ್ದಾರೆ. ಕುಡಿಯಬಹುದು, ಆದರೆ ಅರೆಬರೆ ಪ್ರೋಟೀನ್ ಅದು. ದೇಹ ತಾನೇ ತಯಾರಿಸಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಟ್ರಿಪ್ಟೋಫ್ಯಾನ್ ಕೊಲಾಜೆನ್‌ನಲ್ಲಿ ಇಲ್ಲವೇ ಇಲ್ಲ. ಆ ದುಡ್ಡಿಗೆ ಎಷ್ಟು ದಿನದ ಹಾಲು, ಮೊಟ್ಟೆ, ಹೆಸರುಕಾಳು, ಹುರುಳಿಕಾಳು ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಮಂಡಿಯೊಳಗಿನ ಹಳೆಯ ಗಡಿಯಾರ

ಅಮೈನೊ ಆಮ್ಲ ಹೇಗೋ ಮಂಡಿ ತಲುಪಿತು ಎಂದೇ ಇಟ್ಟುಕೊಳ್ಳೋಣ. ಅಲ್ಲಿ ಹೊಸ ಕೊಲಾಜೆನ್ ಕಟ್ಟುವ ಕೆಲಸ ನಡೆಯುತ್ತಿರಬೇಕಲ್ಲ? ಇದನ್ನು ಪರೀಕ್ಷಿಸಿದ ರೀತಿ ವಿಚಿತ್ರವಾಗಿದೆ.

1950 ಮತ್ತು 60ರ ದಶಕಗಳಲ್ಲಿ, ಮದ್ರಾಸಿನಲ್ಲಿ ಕೊಲಾಜೆನ್ ಲೆಕ್ಕ ನಡೆಯುತ್ತಿದ್ದ ಅದೇ ಕಾಲದಲ್ಲಿ, ದೊಡ್ಡ ದೇಶಗಳು ಬಯಲಲ್ಲಿ ಅಣುಬಾಂಬ್ ಪರೀಕ್ಷೆ ಮಾಡುತ್ತಿದ್ದವು. ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಏಕಾಏಕಿ ಹೆಚ್ಚಾಯಿತು. 1963ರ ಒಪ್ಪಂದದಿಂದ ಬಯಲು ಪರೀಕ್ಷೆಗಳು ಬಹುಮಟ್ಟಿಗೆ ನಿಂತ ಮೇಲೆ ವರ್ಷವರ್ಷ ಇಳಿಯುತ್ತಾ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ನಮ್ಮ ತಟ್ಟೆಗೆ, ತಟ್ಟೆಯಿಂದ ಮೈಗೆ ಅದು ಸೇರಿದೆ. ಹಾಗಾಗಿ ದೇಹದ ಒಂದು ಭಾಗದ ಇಂಗಾಲ-14 ಅಳೆದರೆ, ಆ ಭಾಗ ಯಾವ ಇಸವಿಯಲ್ಲಿ ಕಟ್ಟಿದ್ದು ಎಂದು ಹೇಳಬಹುದು. 2016ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಮಂಡಿಯ ಮೃದ್ವಸ್ಥಿಯನ್ನು ಹೀಗೆ ಅಳೆದರು. ಅದರ ಕೊಲಾಜೆನ್ ಬಹುಮಟ್ಟಿಗೆ ಆಯಾ ವ್ಯಕ್ತಿ ಬೆಳೆಯುತ್ತಿದ್ದ ವಯಸ್ಸಿನದ್ದೇ ಆಗಿತ್ತು. ದೊಡ್ಡವರಾದ ಮೇಲೆ ಹೊಸದು ಸೇರಿದ ಗುರುತು ತೀರಾ ಕಡಿಮೆ. ಆರೋಗ್ಯವಂತ ಮಂಡಿಯಲ್ಲೂ ಹಾಗೆ, ಸವೆದ ಮಂಡಿಯಲ್ಲೂ ಹಾಗೆ. ಇದಕ್ಕೂ ಮೊದಲು 2000ದಲ್ಲಿ ಬೇರೆ ವಿಧಾನದಿಂದ ಮಾಡಿದ ಅಂದಾಜು ಹೇಳಿದ್ದು, ಮೃದ್ವಸ್ಥಿಯ ಕೊಲಾಜೆನ್‌ನಲ್ಲಿ ಅರ್ಧ ಬದಲಾಗಲು 117 ವರ್ಷ ಬೇಕು ಎಂದು.

ನಮ್ಮ ಓದುಗರ ತಾಯಿಯ ಮಂಡಿಯಲ್ಲಿರುವುದು ಹೆಚ್ಚಾಗಿ ಅವರು ಶಾಲೆಗೆ ಹೋಗುತ್ತಿದ್ದ ದಿನಗಳ ಕೊಲಾಜೆನ್. ಕೊರತೆಯಾಗಿರುವುದು ಸಾಮಗ್ರಿ ಅಲ್ಲ. ಅಲ್ಲಿ ಮತ್ತೆ ಹೊಸೆಯುವ ಕೆಲಸವೇ ಹೆಚ್ಚುಕಡಿಮೆ ನಿಂತಿದೆ. ಗಾರೆಯವನೇ ಇಲ್ಲದ ಜಾಗಕ್ಕೆ ಇಟ್ಟಿಗೆ ಲಾರಿ ಕಳಿಸಿದಂತೆ.

ಚರ್ಮದ ಕಥೆ ಇಷ್ಟು ಕಟ್ಟುನಿಟ್ಟಲ್ಲ. ಅಲ್ಲಿ ಹಳೆಯದು ಹೋಗಿ ಹೊಸದು ಬರುವ ಕೆಲಸ ನಿಧಾನವಾಗಿಯಾದರೂ ನಡೆಯುತ್ತದೆ. ವಯಸ್ಸಾದಂತೆ ಕೊಲಾಜೆನ್ ಕಡಿಮೆಯಾಗುವುದು ನಿಜ, 'ಖಾಲಿ' ಆಗುವುದಿಲ್ಲ. ಬಿಸಿಲು ಮತ್ತು ಬೀಡಿ-ಸಿಗರೇಟು ಅದನ್ನು ಬೇಗ ಹಾಳು ಮಾಡುತ್ತವೆ. ಪುಡಿ ಕುಡಿದವರ ಚರ್ಮದಲ್ಲಿ ತೇವ, ಬಿಗಿತ ಸ್ವಲ್ಪ ಹೆಚ್ಚಾಯಿತು ಎನ್ನುವ ಪ್ರಯೋಗಗಳು ಸಾಕಷ್ಟಿವೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಪ್ರಯೋಗಕ್ಕೆ ದುಡ್ಡು ಕೊಟ್ಟವರು ಯಾರು ಎಂದೂ ನೋಡಬೇಕು. 2025ರಲ್ಲಿ ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ವಿಶ್ಲೇಷಣೆಯೊಂದು ಚರ್ಮದ ಬಗೆಗಿನ ಇಂತಹ 23 ಪ್ರಯೋಗಗಳನ್ನು, ಒಟ್ಟು 1,474 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಎಲ್ಲವನ್ನೂ ಸೇರಿಸಿದಾಗ ಲಾಭ ಕಂಡಿತು. ಕಂಪನಿಗಳ ಹಣವಿಲ್ಲದ ಪ್ರಯೋಗಗಳನ್ನು ಮಾತ್ರ ತೆಗೆದುಕೊಂಡಾಗ ಲಾಭ ಕಾಣಲಿಲ್ಲ. ಗುಣಮಟ್ಟ ಚೆನ್ನಾಗಿದ್ದ ಪ್ರಯೋಗಗಳಲ್ಲೂ ಕಾಣಲಿಲ್ಲ. ಮಂಡಿಯ ವಿಷಯದಲ್ಲಿ ನೋವು ಸ್ವಲ್ಪ ಇಳಿಯಿತು ಎನ್ನುವ ಪ್ರಯೋಗಗಳಿವೆ. ನೋವು ಇಳಿಯುವುದು ಬೇರೆ, ಸವೆದ ಮೃದ್ವಸ್ಥಿ ಮತ್ತೆ ತುಂಬಿಕೊಳ್ಳುವುದು ಬೇರೆ. ಫಾರ್ವರ್ಡ್ ಹೇಳುತ್ತಿರುವುದು ಎರಡನೆಯದನ್ನು.

ಸಸ್ಯಾಹಾರಿಗಳಿಗೆ ಒಂದು ಮಾತು. ಗಿಡಮರಗಳಲ್ಲಿ ಕೊಲಾಜೆನ್ ಇಲ್ಲ. ಪುಡಿ ಬರುವುದು ದನ, ಹಂದಿಯ ಚರ್ಮದಿಂದ ಅಥವಾ ಮೀನಿನ ಚರ್ಮ, ಹುರುಪೆಗಳಿಂದ. 'ಸಸ್ಯಜನ್ಯ ಕೊಲಾಜೆನ್' ಎಂದು ಮಾರುವ ಡಬ್ಬಿಯ ಹಿಂದೆ ಚಿಕ್ಕ ಅಕ್ಷರದಲ್ಲಿರುವ ಪಟ್ಟಿ ಓದಿ. ಸಾಮಾನ್ಯವಾಗಿ ವಿಟಮಿನ್ ಸಿ, ಒಂದಷ್ಟು ಗಿಡಮೂಲಿಕೆಯ ಸಾರ ಇರುತ್ತದೆ. ಪೂಜೆ, ವ್ರತ ಮಾಡುವ ಮನೆಯಲ್ಲಿ ಮೀನಿನ ಹುರುಪೆಯ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಯುತ್ತಿರುವವರು ಅದು ಏನೆಂದು ತಿಳಿದೇ ಕುಡಿಯಲಿ ಎಂಬುದಷ್ಟೇ ನಮ್ಮ ಕಾಳಜಿ.

ಹಾಗಾದರೆ ಸವೆದ ಮಂಡಿಗೆ ಏನು ಮಾಡಬೇಕು? ಆ ವೈದ್ಯರು ಹೇಳಿದ್ದೇ ಸರಿಯಾಗಿತ್ತು. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಬೀಳುವ ಪೆಟ್ಟನ್ನು ಅದು ಹಂಚಿಕೊಳ್ಳುತ್ತದೆ. ತೂಕದ ಲೆಕ್ಕವಂತೂ ನೇರವಾಗಿದೆ: ಮಂಡಿ ಸವೆತ ಇರುವ ಹಿರಿಯರನ್ನು ನಡೆಸಿ ಅಳೆದ 2005ರ ಅಧ್ಯಯನದಲ್ಲಿ, ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ ಎಂದು ಕಂಡುಬಂತು. ದಿನಕ್ಕೆ ಎಷ್ಟು ಹೆಜ್ಜೆ ಇಡುತ್ತೀರಿ ಎಂದು ನಿಮ್ಮ ಫೋನೇ ಹೇಳುತ್ತದೆ, ಗುಣಿಸಿಕೊಳ್ಳಿ. ಸವೆತ ತೀರಾ ಮುಂದುವರಿದಿದ್ದರೆ ಆಪರೇಷನ್ ಬೇಕೋ ಬೇಡವೋ ಎಂಬುದನ್ನು ಎಕ್ಸ್-ರೇ ನೋಡಿದ ವೈದ್ಯರು ಹೇಳಬೇಕು, ಡಬ್ಬಿಯ ಮೇಲಿನ ಬರಹವಲ್ಲ.

ಇದನ್ನೆಲ್ಲ ನಾವು ಆ ಓದುಗರಿಗೆ ಧ್ವನಿ ಸಂದೇಶವಾಗಿ ಕಳಿಸಿದೆವು, ಅಮ್ಮನಿಗೆ ಕೇಳಿಸಲು ಸುಲಭವಾಗಲಿ ಎಂದು. ಮೂರು ದಿನ ಬಿಟ್ಟು ಉತ್ತರ ಬಂತು. ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮಂಡಿಯಲ್ಲಿ ಶಾಲೆಯ ದಿನಗಳ ಕೊಲಾಜೆನ್ ಇನ್ನೂ ಇದೆ ಎಂಬ ವಿಷಯವಂತೆ. ಮಂಡಿಯ ಕೆಳಗೆ ಮಡಚಿದ ಟವೆಲ್ ಇಟ್ಟು ಒತ್ತುವ ವ್ಯಾಯಾಮ ಮತ್ತೆ ಶುರುವಾಗಿದೆ, ಬೆಳಿಗ್ಗೆ ಹತ್ತು, ಸಂಜೆ ಹತ್ತು. ಹೊಸ ಡಬ್ಬಿ ತರಿಸಿಲ್ಲ. ತೆರೆದಿರುವ ಡಬ್ಬಿಯನ್ನು ಮಾತ್ರ, ದುಡ್ಡು ಕೊಟ್ಟು ತಂದದ್ದನ್ನು ಎಸೆಯುವುದು ಹೇಗೆ ಎಂದು, ಕುಡಿದು ಮುಗಿಸುತ್ತಿದ್ದಾರೆ.